ಕೌದಿ ಕಟ್ಟಿದ ಕೋಣೆ

ಕೋಠಿಯ ಆ ಗಲ್ಲಿಯ ಅಂಗಡಿಯಲ್ಲಿ ಹೇಮಂತ ಅರ್ಧ ಗಂಟೆಯಿಂದ ನಿಂತೇ ಇದ್ದ. ಗಾಜಿನ ಕಪಾಟಿನೊಳಗೆ ಮೈಕುಗಳನ್ನು ಸಾಲಾಗಿ ಮಲಗಿಸಿದ್ದರು. ಅಂಗಡಿಯವ ಒಮ್ಮೆ ಹತ್ತಿರ ಬಂದು ಯಾವ ಸ್ಟುಡಿಯೋಕ್ಕೆ ಬೇಕೆಂದು ಹಿಂದಿಯಲ್ಲಿ ಕೇಳಿದ್ದ. ಮನೆಗೆ ಎಂದು ಇವನು ಹೇಳಿದ ಮೇಲೆ, ನೋಡ್ತಾ ಇರಿ ಸರ್, ಈಗ ಬಂದೆ ಅಂದವನು ಹೋದದ್ದು ಹೋದದ್ದೇ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗಿಕೊಂಡ ಮೂವರು, ಶನಿವಾರವೂ ಅದನ್ನು ಯಾಕೆ ಕಳಚಿರಲಿಲ್ಲವೋ, ಗಿಟಾರು ನೋಡಲು ಬಂದಿದ್ದರು. ಅವರಿಗೆ ಕುರ್ಚಿ ಬಂತು, ಚಹಾ ಬಂತು. ಹೇಮಂತನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ವಾರದ ಐದು ದಿನ ಬೇಗಂಪೇಟೆಯ ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತು, ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಕೇಳುವುದು ಅವನ ಕೆಲಸ. ಅರವತ್ತು ಜನ ಅದನ್ನು ಟೈಪು ಮಾಡುತ್ತಿದ್ದರು, ಅವರು ಮಾಡಿದ್ದನ್ನು ಇವನು ಮತ್ತೊಮ್ಮೆ ಕೇಳಿ ತಪ್ಪು ತಿದ್ದುತ್ತಿದ್ದ. ನಲವತ್ಮೂರಕ್ಕೆ ಕಣ್ಣು ಸರಿಯಾಗಿತ್ತು, ಮಂಡಿ ಸರಿಯಾಗಿತ್ತು, ದಣಿದದ್ದು ಕಿವಿ. ರವಿವಾರ ಮನೆಯಲ್ಲಿ ಹೆಂಡತಿ ಹರ್ಷದಾ ಕರೆದರೆ ಎರಡನೇ ಸಲಕ್ಕೇ ಓ ಅನ್ನುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಅಕ್ಕ ಕೃಷ್ಣಾಬಾಯಿ ಕೂತಿದ್ದಳು. ಅವನಿಗಿಂತ ಹದಿನೈದು ವರ್ಷ ದೊಡ್ಡವಳು. ಸರಕಾರಿ ಆಫೀಸಿನ ಗುಮಾಸ್ತಿಕೆಯಿಂದ ಈ ವರ್ಷವೇ ನಿವೃತ್ತಳಾಗಿ ನಾರಾಯಣಗೂಡದ ಹಳೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲವೆಂದು ಮನೆಯಲ್ಲಿ ಯಾರೂ ಮಾತೆತ್ತಿದವರಲ್ಲ. ಅವ್ವ ಸತ್ತಾಗ ಹೇಮಂತನಿಗೆ ಆರು ವರ್ಷ, ಅಷ್ಟು ಹೇಳಿದರೆ ಮುಗಿಯುತ್ತಿತ್ತು. ಕೊರಳಿನ ಗಡ್ಡೆ ಕಾಣಬಾರದೆಂದು ಅವಳು ಸೆರಗನ್ನು ಎಡಗಡೆಯಿಂದ ಸುತ್ತಿ ತಂದಿದ್ದಳು. ಬುಧವಾರ ಆಪರೇಷನ್. ಡಾಕ್ಟರು ತೆಲುಗಿನಲ್ಲಿ, ಏನೂ ಹೆದರಬೇಕಾದ್ದಿಲ್ಲ, ದನಿ ಮಾತ್ರ ಕೊಂಚ ಬದಲಾಗಬಹುದು, ಸಾಮಾನ್ಯವಾಗಿ ಆಗುವುದಿಲ್ಲ ಎಂದಿದ್ದರು. ಅಕ್ಕ ತಲೆಯಾಡಿಸಿದ್ದಳು. ಹೇಮಂತನಿಗೆ ಮಾತ್ರ ಆ ಮಾತು ಪರಿಚಿತವಾಗಿತ್ತು. ಇದೇ ಮಾತನ್ನು ಅವನು ಎಷ್ಟು ಸಲ ತಿದ್ದಿದ್ದನೋ. ದನಿ ಶಾಶ್ವತವಾಗಿ ಬದಲಾಗುವ ಸಂಭವವನ್ನು ರೋಗಿಗೆ ವಿವರಿಸಲಾಗಿದೆ, ರೋಗಿ ಒಪ್ಪಿದ್ದಾರೆ. ಒಪ್ಪಿದ್ದಾರೆ ಎಂಬುದರ ಮುಂದೆ ಪೂರ್ಣವಿರಾಮ ಬಿಟ್ಟಿದ್ದಕ್ಕೆ ಒಬ್ಬ ಹುಡುಗಿಯನ್ನು ಬೈದೂ ಇದ್ದ.

ಬುಧವಾರದೊಳಗೆ ಅವಳ ಹಾಡನ್ನೊಮ್ಮೆ ಹಿಡಿದಿಡಬೇಕೆಂದೇ ಅವನು ಮೈಕು ಕೊಳ್ಳಲು ಬಂದದ್ದು. ಆದರೆ ಅಕ್ಕನಿಗೆ ಅವನು ಹೇಳಿದ್ದು ಬೇರೆ. ಮನೆಯಲ್ಲೊಂದು ಸಣ್ಣ ಸ್ಟುಡಿಯೋ ಮಾಡಾಕತ್ತೀನಿ, ಕಾಲನಿಯ ಹುಡುಗರ ಭಜನೆ ರೆಕಾರ್ಡ್ ಮಾಡಬಹುದು, ಫೋನು ಕಂಪನಿಗಳಿಗೆ ಕನ್ನಡದ ದನಿ ಬೇಕಾಗತಾವಂತ, ಅದೂ ಆದೀತು ಎಂದಿದ್ದ. ಹರ್ಷದಾಗೂ ಅದನ್ನೇ ಹೇಳಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಫೋನಿನ ಮಾತು ತೆಗೆದವನು ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಮನೋಜ, ಮೈಸೂರಿನವನು. ಏನೇನು ಕೊಳ್ಳಬೇಕೆಂದು ಚೀಟಿ ಬರೆದುಕೊಟ್ಟವನೂ ಅವನೇ. ಹಾಗಾದರೆ ನನ್ನ ದನಿ ನಡೆದೀತೇನಪ್ಪಾ ಎಂದು ಹೇಮಂತ ನಗುತ್ತ ಕೇಳಿದಾಗ ಮನೋಜ ಬಹಳ ಮರ್ಯಾದೆಯಿಂದ, "ನಿಮ್ಮ ವಾಯ್ಸ್ ಚೆನ್ನಾಗಿದೆ ಸಾರ್. ಆದ್ರೆ ಅವರಿಗೆ ಸ್ವಲ್ಪ ಸರಿಯಾದ ಕನ್ನಡ ಬೇಕಾಗುತ್ತೆ" ಎಂದಿದ್ದ. ಹೇಮಂತನೂ ನಕ್ಕಿದ್ದ. ಹೊರಗೆ ಹಿಂದಿ, ಬಸ್ಸಿನಲ್ಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷ್. ಮನೆಯೊಳಗೆ ಹೊಸ್ತಿಲು ದಾಟಗೊಡದೆ ಕಾಯ್ದಿಟ್ಟುಕೊಂಡ ಒಂದು ಭಾಷೆ, ಅದೂ ಸರಿಯಾದ್ದಲ್ಲ ಎಂದು ಗೊತ್ತಾದ ಆ ಮಧ್ಯಾಹ್ನ ಅವನು ಡಬ್ಬಿಯಲ್ಲಿದ್ದ ಚಪಾತಿ ಉಣ್ಣದೆ ಹಾಗೇ ಮನೆಗೆ ತಂದಿದ್ದ.

ಗಿಟಾರಿನವರು ಹೋದ ಮೇಲೆ ಅಂಗಡಿಯವ ಬಂದ. ಚೀಟಿ ನೋಡಿ, ಇದರಲ್ಲಿ ಬರೆದ ಮೈಕು ನಿಮಗೆ ಯಾಕೆ, ಅದೇ ಜಾತಿಯ ಅಗ್ಗದ್ದು ಇದೆ ಎಂದು ಬೂದುಬಣ್ಣದ್ದೊಂದನ್ನು ತೆಗೆದಿಟ್ಟ. ಪಕ್ಕದಲ್ಲಿ ಮದುವೆಮನೆಯ ಗುಂಡುತಲೆಯ ಮೈಕನ್ನೂ ಇಟ್ಟ. ಬೂದುಬಣ್ಣದ್ದು ಕೋಣೆಯೊಳಗಿನ ಎಲ್ಲ ಸದ್ದನ್ನೂ ಹಿಡಿಯುತ್ತದೆ, ಗುಂಡುತಲೆಯದ್ದು ಬಾಯಿ ಹತ್ತಿರ ಹಿಡಿದರೆ ಮಾತ್ರ, ಅಷ್ಟೇ ಫರಕು ಎಂದ.

"ಮನೆ ಎಲ್ಲಿ ಸರ್?"

"ಮಲ್ಕಾಜ್‌ಗಿರಿ. ಸ್ಟೇಷನ್ ಹಿಂದೆ."

"ಹಾಗಾದರೆ ಮಾತೇ ಇಲ್ಲ. ಗುಂಡುತಲೆಯದ್ದು ತಗೊಳ್ಳಿ. ಇದನ್ನು ಒಯ್ದರೆ ರೈಲು ಬಂದು ನಿಮ್ಮ ಹಾಡಿನಲ್ಲಿ ಕೂರುತ್ತೆ."

ಮನೋಜ ತದ್ವಿರುದ್ಧ ಹೇಳಿದ್ದ. ವಯಸ್ಸಾದವರ ದನಿಯಾದರೆ ಆ ಗುಂಡುತಲೆಯದ್ದು ಬೇಡ ಸಾರ್, ಸಣ್ಣಪುಟ್ಟದ್ದೆಲ್ಲ ನುಂಗಿಬಿಡುತ್ತೆ ಎಂದಿದ್ದ. ಹೇಮಂತ ಎರಡೂ ಮೈಕುಗಳನ್ನು ಕೈಯಲ್ಲಿ ತೂಗಿ ನೋಡಿದ, ತೂಕದಿಂದ ಏನೋ ತಿಳಿಯುವುದೆಂಬಂತೆ. ಅಂಗಡಿಯವ ಅಷ್ಟರಲ್ಲಿ ತಂತಿ ಸಿಕ್ಕಿಸಿ, ಹೆಡ್‌ಫೋನನ್ನು ಇವನ ತಲೆಗೇರಿಸಿ, ಬಾಗಿಲ ಕಡೆ ತಿರುಗಿ, "ಅಮ್ಮಗಾರೂ, ಇಲ್ಲಿ ಬನ್ನಿ, ಒಂದು ಮಾತು ಹೇಳಿ" ಎಂದು ಕರೆದ. ಹಾಗೇ ಇವನತ್ತ ನೋಡಿ, "ನಿಮ್ಮ ತಾಯಿಯೇ ಅಲ್ಲವಾ ಸರ್?" ಎಂದ. ಹೇಮಂತ ಹೂಂ ಅಂದ. ಅಲ್ಲವೆಂದರೆ ಅಕ್ಕ ಅನ್ನಬೇಕು, ಆಗ ಅವನು ಇಬ್ಬರ ಮುಖವನ್ನೂ ಇನ್ನೊಮ್ಮೆ ನೋಡುತ್ತಾನೆ, ಇಷ್ಟು ಅಂತರವೇ ಅನ್ನುತ್ತಾನೆ. ಇವೆಲ್ಲಕ್ಕಿಂತ ಹೂಂ ಸಣ್ಣದು. ಕೃಷ್ಣಾಬಾಯಿ ಎದ್ದು ಬಂದಳು. ಗುಂಡುತಲೆಯ ಮೈಕಿನೆದುರು ನಿಂತು, "ಕ್ಯಾ ಬೋಲ್ನಾ?" ಎಂದಳು. ಅದು ಬಸ್‌ಸ್ಟ್ಯಾಂಡಿನ ಪ್ರಕಟಣೆಯಂತೆ ಕೇಳಿಸಿತು. ತಂತಿಯನ್ನು ಬೂದುಬಣ್ಣದ್ದಕ್ಕೆ ಸಿಕ್ಕಿಸಿದಾಗ ಅವಳು ಇನ್ನೂ ಏನೂ ಹೇಳಿರಲಿಲ್ಲ. ಹೇಮಂತನ ಕಿವಿಯೊಳಗೆ ಮೊದಲು ಬಳೆ ಬಂತು, ಆಮೇಲೆ ಸೆರಗಿನ ಸರಸರ, ಆಮೇಲೆ ಅವಳು ಉಗುಳು ನುಂಗಿದ್ದು. ನುಂಗುವಾಗ ನಡುವೆ ಒಂದು ಕಡೆ ತಡೆದು, ಏನನ್ನೋ ಬಳಸಿಕೊಂಡು, ಮತ್ತೆ ಕೆಳಗಿಳಿದದ್ದು. ಸೆರಗಿನಡಿ ಮುಚ್ಚಿಟ್ಟಿದ್ದ ಗಡ್ಡೆಯನ್ನು ಅವನು ಕಿವಿಯಿಂದ ಮುಟ್ಟಿದಂತಾಯಿತು. ಹೆಡ್‌ಫೋನು ತೆಗೆದ.

"ಇದ ಇರ್ಲಿ" ಎಂದ.

"ಅವ ಅದು ಬ್ಯಾಡ ಅನ್ನಾಕತ್ತಾನ" ಎಂದಳು ಅಕ್ಕ. "ಕಮ್ಮಿ ಕೇಳಸೋದು ತಗೋಳೋ. ಎಲ್ಲಾ ಕೇಳಿ ಏನ ಮಾಡ್ತಿ?"

ಉಳಿದದ್ದಕ್ಕೆ ಹೊತ್ತು ಹಿಡಿಯಲಿಲ್ಲ. ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ಪೆಟ್ಟಿಗೆಯಲ್ಲಿ ಎರಡು ಮೈಕು ಹಿಡಿಯುವಂಥದ್ದಿತ್ತು, ಒಂದೇ ಹಿಡಿಯುವಂಥದ್ದೂ ಇತ್ತು. ಒಂದು ದನಿಗೆ ಒಂದು ಸಾಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಉದ್ದದ ತಂತಿ. ಸ್ಟ್ಯಾಂಡು ಬೇಡವೆಂದ, ಮನೆಯಲ್ಲಿ ಕೆಟ್ಟು ಕೂತ ಕಾಲುಫ್ಯಾನಿನ ಕಂಬವಿತ್ತು. ಸ್ಟ್ಯಾಂಡು ಬೇಡವೆಂದಾಗ ಅಂಗಡಿಯವನ ಮುಖದಲ್ಲಿ ಕಂಡ ಸಣ್ಣ ನಗೆಯನ್ನು ಹೇಮಂತ ಆಟೋದಲ್ಲಿ ಚಾದರ್‌ಘಾಟ್ ದಾಟುವವರೆಗೂ ಹೊತ್ತುಕೊಂಡು ಬಂದ.

ಎಲ್ಲೆಲ್ಲೂ ರಸ್ತೆ ಅಗೆದಿದ್ದರು, ಸೇತುವೆಯ ಕಂಬಗಳು ಅರ್ಧಕ್ಕೆ ನಿಂತಿದ್ದವು, ಗೋಡೆಗೋಡೆಗೂ ಕಂಪ್ಯೂಟರ್ ಕೋರ್ಸಿನ ಜಾಹೀರಾತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹೇಮಂತನ ಕಣ್ಣ ಮುಂದೆ ಇದ್ದದ್ದು ಮಾತ್ರ ಒಂದು ತಂಬೂರಿ. ರೇಡಿಯೋ ಸ್ಟೇಷನ್ನಿನ ತಂಪು ಕೋಣೆ, ಗೋಡೆಯ ತುಂಬ ತೂತಿನ ಹಲಗೆ, ಮೂಲೆಯಲ್ಲಿ ಗವಸು ತೆಗೆದಿಟ್ಟ ತಂಬೂರಿ. ಅವನಿಗೆ ಹತ್ತೊಂಬತ್ತು, ಅಕ್ಕನಿಗೆ ಮೂವತ್ನಾಲ್ಕು. ಧ್ವನಿ ಪರೀಕ್ಷೆಗೆ ಅವಳು ಹಾಡಬೇಕು, ತಂಬೂರಿ ಇವನು ಮೀಟಬೇಕು. ಅವಳಿಗಿಂತ ಮೊದಲು ಹಾಡಿದ ಹೆಂಗಸಿನದು ಏರುದನಿ. ತಂಬೂರಿಯ ಸ್ವರ ಅವಳಿಗೆ ತಕ್ಕಂತೆ ಏರಿಯೇ ಇತ್ತು. ಅದನ್ನು ಅಕ್ಕನ ದನಿಗೆ ಇಳಿಸಿಕೊಳ್ಳಲು ಎರಡು ಮಿನಿಟು ಬೇಕಿತ್ತು. ಗಾಜಿನಾಚೆಯಿಂದ ಒಬ್ಬರು ಇಂಗ್ಲಿಷಿನಲ್ಲಿ ತಯಾರೇ ಎಂದು ಕೇಳಿದರು. ಎರಡು ಮಿನಿಟು ಕೊಡಿ ಎಂದು ಇಂಗ್ಲಿಷಿನಲ್ಲಿ ಹೇಗೆ ಕೇಳುವುದೆಂದು ಹೇಮಂತನಿಗೆ ಗೊತ್ತಿತ್ತು, ಕಾಲೇಜಿನ ಹುಡುಗ. ಆದರೆ ಕೇಳಿದರೆ ದಡ್ಡನೆಂದುಕೊಂಡಾರು ಎನ್ನಿಸಿ, ಎಸ್ ಸರ್ ಎಂದುಬಿಟ್ಟ. ಕೆಂಪು ದೀಪ ಹತ್ತಿತು. ಅಕ್ಕ ಒಮ್ಮೆ ಅವನತ್ತ ನೋಡಿದಳು, ಅಥವಾ ನೋಡಿದಂತೆ ಅವನಿಗೆ ಇಪ್ಪತ್ನಾಲ್ಕು ವರ್ಷವೂ ಅನ್ನಿಸುತ್ತ ಬಂದಿತ್ತು. ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು. ತಿಂಗಳಾದ ಮೇಲೆ ಆಯ್ಕೆಯಾಗಿಲ್ಲವೆಂದು ಒಂದು ಕಾರ್ಡು ಬಂತು. ಅಕ್ಕ ಮತ್ತೆ ಎಲ್ಲಿಗೂ ಹೋಗಲಿಲ್ಲ. ಗಣೇಶನ ಹಬ್ಬಕ್ಕೆ, ಯಾರದೋ ಮನೆಯ ನಾಮಕರಣಕ್ಕೆ ಹಾಡಿದರೆ ಹಾಡಿದಳು. ಪ್ರತಿಸಲ ಅವಳು ಹಾಡುವಾಗ ಹೇಮಂತ ಏನಾದರೊಂದು ಕೆಲಸ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದ. ಇವತ್ತು ಹೇಳಿಬಿಡಬೇಕು ಎಂದುಕೊಂಡ. ಬುಧವಾರದೊಳಗೆ ಹೇಳಬೇಕು. ಆಮೇಲೆ ಅವಳು ಉತ್ತರ ಕೊಟ್ಟರೆ, ಯಾವ ದನಿಯಲ್ಲಿ ಕೊಡುತ್ತಾಳೋ.

ಮನೆ ಮುಟ್ಟಿದಾಗ ಹರ್ಷದಾ ಹಿಂದಿನ ಕೋಣೆಯನ್ನು ಆಗಲೇ ತಯಾರು ಮಾಡಿದ್ದಳು. ಇವನು ಹೇಳಿದ್ದಂತೆ ನಾಲ್ಕೂ ಗೋಡೆಗೆ ಮೊಳೆ ಹೊಡೆದು, ಹಗ್ಗ ಬಿಗಿದು, ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೂಗಿಹಾಕಿದ್ದಳು. ಸದ್ದು ಗೋಡೆಗೆ ಬಡಿದು ಹಿಂದಕ್ಕೆ ಬರಬಾರದೆಂದು ಮನೋಜ ಹೇಳಿದ್ದ ಉಪಾಯಕ್ಕೆ ಕೊಳ್ಳುವ ಹಲಗೆಗಳ ಬದಲು ಇದು. ಕೌದಿಗಳೆಲ್ಲ ಕೃಷ್ಣಾಬಾಯಿ ಹೊಲಿದವು, ಹಳೆಯ ಸೀರೆಗಳ ತುಂಡು ಕೂಡಿಸಿ. ಅವಳು ಒಳಗೆ ಬಂದವಳು ಒಂದೊಂದನ್ನೂ ಮುಟ್ಟಿ ನೋಡಿ, "ಇದು ಅವ್ವನ ಇಳಕಲ್ಲು, ಇದು ನನ್ನ ಆಫೀಸಿಂದು" ಎಂದು ಗುರುತು ಹಿಡಿದಳು. "ಮೈಮ್ಯಾಲ ಹೊಚ್ಚಿಕೊಳ್ಳೋದನ್ನ ಗ್ವಾಡಿಗೆ ಹೊಚ್ಚೀರಲ್ರೀ."

"ನಾನ ಕಟ್ಟೀನ್ರಿ ಅಕ್ಕಾರ. ಇವರು ಬರೇ ಹೇಳಿಹೋದ್ರು" ಎಂದಳು ಹರ್ಷದಾ, ಮತ್ತು ಊಟ ಬಡಿಸಿದಳು.

ಊಟವಾದ ಮೇಲೆ ಮೂರು ಗಂಟೆಯ ಹೊತ್ತಿಗೆ ಹೇಮಂತ ಕೋಣೆಯ ಬಾಗಿಲು ಹಾಕಿದ. ಫ್ಯಾನು ಆರಿಸಿದ. ಕಾಲುಫ್ಯಾನಿನ ಕಂಬಕ್ಕೆ ಮೈಕನ್ನು ಹುರಿಯಿಂದ ಬಿಗಿದಿದ್ದ; ಅಕ್ಕ ಅದರಿಂದ ಒಂದು ಮಾರು ಹಿಂದೆ, ಗೋಡೆಗೆ ಒರಗಿ, ಚಾಪೆಯ ಮೇಲೆ ಕೂತಿದ್ದಳು. ಮೈಕು ಪರೀಕ್ಷಿಸಲು ಒಂದು ಹಾಡು ಹಾಡೆಂದದ್ದಕ್ಕೆ ಒಪ್ಪಿದ್ದಳು, ತಂಬೂರಿ ಮಾತ್ರ ಬೇಡವೆಂದಿದ್ದಳು. ಅವನು ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿನತ್ತ ತಿರುಗಿ, ದನಿ ಎಷ್ಟು ಬರುತ್ತದೆಂದು ನೋಡಿಕೊಳ್ಳಲು ರೆಕಾರ್ಡಿನ ಗುಂಡಿ ಒತ್ತಿದ.

"ಏನರೆ ಮಾತಾಡಕ್ಕಾ."

"ಏನ ಮಾತಾಡ್ಲಿ?" ಎಂದಳು, ಸೆರಗಿನ ಸರಸರ ಕೇಳಿಸಿತು. "ಇವತ್ತ ಆ ಅಂಗಡ್ಯಾಗ ನನ್ನ ಅವ್ವನ್ನ ಮಾಡಿದಿ."

ತೆರೆಯ ಮೇಲೆ ಹಸಿರು ಗೆರೆ ಏರಿ ಇಳಿಯಿತು. ಹೇಮಂತ ತಿರುಗಿ ನೋಡಲಿಲ್ಲ. "ಅವ ಅಂದ ಅಕ್ಕಾ. ನಾ ಅನ್ನಲಿಲ್ಲ."

"ಹೌದು, ಅವನ ಅಂದ. ನೀ ಹೂಂ ಅಂದಿ. ಅದಕ್ಕೇನೂ ಇಲ್ಲ ಬಿಡು, ನನಗೇನ ಕೆಟ್ಟ ಅನಸಲಿಲ್ಲ. ರೇಡಿಯೋಕ್ಕ ಹೋಗಿದ್ವೆಲಾ, ಅವತ್ತಿನಕಿಂತ ಇದು ಛಲೋ."

ಅವನ ಕೈ ಮೌಸಿನ ಮೇಲೆ ನಿಂತಿತು. ಅವಳಿಗೆ ಗೊತ್ತಿತ್ತು, ಎಂದಿನಿಂದಲೂ ಗೊತ್ತಿತ್ತು. ಅವಳೇ ಎತ್ತಿದಳೆಂದು ಒಂದು ಬಗೆಯ ಹಗುರವೂ ಆಯಿತು. "ಹೇಳಬೇಕಂತ ಮಾಡಿದ್ದೆ ಅಕ್ಕಾ" ಎಂದ. "ಅವತ್ತ ತಂಬೂರಿ ಏರಿತ್ತು. ನಾ ಇಳಸಲಿಲ್ಲ. ಇಳಸಬೇಕಂತ ಗೊತ್ತಿತ್ತು ನನಗ."

"ತಂಬೂರಿಗೇನಾಗಿತ್ತು?"

"ಸ್ವರ ಏರಿತ್ತು. ಅದಕ್ಕ ನಿನ್ನ ದನಿ ಒಡೀತು."

"ಏರಿತ್ತೇನು?" ಅವಳು ನಿಜವಾಗಿ ನೆನಪಿಸಿಕೊಳ್ಳುತ್ತಿದ್ದಳು, ಅದು ಹೆಡ್‌ಫೋನಿನಲ್ಲಿ ಗೊತ್ತಾಗುತ್ತಿತ್ತು. "ತಂಬೂರಿ ನೀ ಬಾರಸ್ತಿದ್ಯೇನು? ಸ್ಟೇಷನ್ನಿನವರು ಯಾರೋ ಇದ್ರಂತ ತಿಳಿದಿದ್ದೆ. ಮುಂಜಾನಿಂದ ಏನೂ ತಿಂದಿರಲಿಲ್ಲ ನಾ, ಹೆದರಿಕಿ. ದನಿ ಒಡಿಯೂದ ಇತ್ತು. ಮುಂದಿನ ಸಲ ಮತ್ತ ಕರದಿದ್ರು, ನನಗ ಬ್ಯಾಡಾತು. ಆಫೀಸು, ಮನಿ, ನಿನ್ನ ಪರೀಕ್ಷಾ. ಹಾಡಿ ಏನ ಮಾಡೋದೈತಿ ಅನಿಸ್ತು."

ಹೊರಗೆ ಗಾಡಿಯೊಂದು ಹೋಯಿತು. ಕೌದಿಗಳು ಅದನ್ನು ತಡೆಯಲಿಲ್ಲ, ಮೆತ್ತಗೆ ಮಾಡಿದವು ಅಷ್ಟೇ. ಹೇಮಂತ ತನ್ನ ಎದೆಯೊಳಗೆ ಏನೋ ಖಾಲಿಯಾಗಿ, ಅಲ್ಲಿ ತಂಪು ಗಾಳಿ ಆಡುವುದನ್ನು ಗಮನಿಸುತ್ತ ಕೂತ. ಇಷ್ಟು ವರ್ಷ ಹೊತ್ತದ್ದರಲ್ಲಿ ಅವಳದು ಏನೂ ಇರಲಿಲ್ಲವೇ? ಹಗುರವಾಗಬೇಕಾದಲ್ಲಿ ಅವಮಾನವಾದಂತಾಯಿತು. ಆಗ ಅವಳು ಅದೇ ಸಮದನಿಯಲ್ಲಿ ಮುಂದುವರಿಸಿದಳು.

"ನಾ ಅಂದಿದ್ದು ಅದಲ್ಲ. ಹೊಳ್ಳಿ ಬರೂಮುಂದ ನಾರಾಯಣಗೂಡ ಚೌರಸ್ತಾದಾಗ ನಿನ್ನ ಕಾಲೇಜಿನ ಹುಡುಗ್ರು ಸಿಕ್ರು. ನಾ ಬಸ್ಸಿನ್ಯಾಗೆಲ್ಲ ಅಳಕೋತ ಬಂದಿದ್ದೆ, ಸೆರಗಿಲೆ ಮೂಗ ಒರಸ್ಕೋತ ನಿಂತಿದ್ದೆ. ಅವರು ಯಾರಿದು ಅಂತ ಕೇಳಿದ್ರು. ನೀ ಅಂದಿ, 'ಮಾ ವೀಧಿಲೋ ಉಂಟಾರು' ಅಂತ."

ನಮ್ಮ ಓಣಿಯಲ್ಲಿ ಇರುತ್ತಾರೆ. ತೆಲುಗಿನ ಆ ಮೂರು ಮಾತು ಅವಳ ಬಾಯಿಂದ ಸ್ವಚ್ಛವಾಗಿ, ಅಚ್ಚುಕಟ್ಟಾಗಿ ಬಂದವು, ಯಾರೋ ಹತ್ತೊಂಬತ್ತರ ಹುಡುಗ ಆಡಿದಂತೆಯೇ.

"ನನಗ ತೆಲುಗು ತಿಳಿಯೂದಿಲ್ಲಂತ ಮಾಡಿದ್ಯೋ ಏನೋ. ಆಫೀಸಿನ್ಯಾಗ ದಿನಾ ಅದನ್ನ ಬರಿಯಾಕಿ ನಾ. ಮನೀಗೆ ಬಂದು ರೊಟ್ಟಿ ಮಾಡಿ ಕೊಟ್ಟೆ, ನೀ ಉಂಡಿ. ಆಮ್ಯಾಲ ನಾ ಎಷ್ಟೋ ದಿನ ನಿನ್ನ ಜೋಡಿ ಬಜಾರಕ್ಕ ಬರಲಿಲ್ಲ, ನೀ ಕೇಳೂ ಇಲ್ಲ."

ಹೇಮಂತ ಹುಡುಕಿದ. ಚೌರಸ್ತಾ ಸಿಕ್ಕಿತು, ಮೂಲೆಯ ಇರಾನಿ ಹೋಟೆಲು ಸಿಕ್ಕಿತು, ಬಸ್ಸಿನ ನಂಬರೂ ಸಿಕ್ಕಿತು. ತಂಬೂರಿಯ ತಂತಿ ಹೊತ್ತ ಕುದುರೆಯ ಮೇಲಿದ್ದ ದಂತದ ಬಣ್ಣ, ಗಾಜಿನಾಚೆಯವರ ಕನ್ನಡಕದ ಅಂಚು, ಎಲ್ಲ ಇದ್ದವು. ಆ ಹುಡುಗರು ಇರಲಿಲ್ಲ. ಅಳುವ ಅಕ್ಕ ಇರಲಿಲ್ಲ. ಆ ಮಾತು ಎಲ್ಲಿಯೂ ಇರಲಿಲ್ಲ. ಒಬ್ಬ ಮನುಷ್ಯ ತಾನು ಮಾಡಿದ್ದನ್ನು ಇಷ್ಟು ಪೂರ್ತಿಯಾಗಿ ಮರೆಯಬಲ್ಲನೆಂದರೆ, ನೆನಪಿಟ್ಟುಕೊಂಡದ್ದೆಲ್ಲ ಯಾತಕ್ಕೆ ನೆನಪಿಟ್ಟುಕೊಂಡ? ತಿರುಗಿ ನೋಡಬೇಕೆನ್ನಿಸಿತು, ಕುತ್ತಿಗೆ ಹೊರಳಲಿಲ್ಲ. ಅವಳು ಬೆನ್ನ ಹಿಂದೆ ಇದ್ದಳು, ಅವಳ ಉಸಿರು ಮಾತ್ರ ಎರಡೂ ಕಿವಿಯ ಒಳಗಿತ್ತು.

"ಅಕ್ಕಾ" ಎಂದ.

"ಹೋಗ್ಲಿ ಬಿಡು" ಎಂದಳು ಕೃಷ್ಣಾಬಾಯಿ. ಅಂದವಳು ಆ ಬಿಡು ಎಂಬುದರ ಕೊನೆಯ ಉಕಾರವನ್ನು ಬಿಡಲಿಲ್ಲ. ಅದನ್ನೇ ಹಿಡಿದು, ಹಾಗೇ ಮೆಲ್ಲಗೆ ಕೆಳಗೆ ತಂದು, ತನ್ನ ಷಡ್ಜದ ಮೇಲೆ ಇಟ್ಟಳು. ಅಲ್ಲಿಂದ ಹಾಡಿಗೆ ಶುರುವೆಂಬುದೇ ಬೇಕಾಗಲಿಲ್ಲ. ಮಧ್ಯಾಹ್ನದ ರಾಗ ಭೀಮಪಲಾಸ, ಮಾತಿಲ್ಲದ ಬರೀ ಆಲಾಪ. ತೀರ ಕೆಳಗಿನ ಸ್ವರ ಹಿಡಿದಿದ್ದಳು, ಗಂಡಸರದೋ ಎಂಬಷ್ಟು. ಗಡ್ಡೆ ಇದ್ದ ಜಾಗಕ್ಕೆ ಬಂದಾಗ ದನಿ ಪ್ರತಿಸಲ ತುಸು ಬಾಗಿ, ಒರಟಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಎರಡು ಕಡೆ ತಪ್ಪಿತು. ಒಂದು ಕಡೆ ಉಸಿರು ಸಾಲದೆ ನಿಂತು, ನಾಚಿಕೆಯಿಲ್ಲದೆ ಮತ್ತೆ ಎತ್ತಿಕೊಂಡಳು. ಹೇಮಂತ ಈ ಸಲ ಎದ್ದು ಹೊರಗೆ ಹೋಗುವಂತಿರಲಿಲ್ಲ. ತಂತಿ ತಲೆಗೆ ಕಟ್ಟಿತ್ತು. ಹನ್ನೆರಡು ಮಿನಿಟು ಅವನು ಹಸಿರು ಗೆರೆಯನ್ನು ನೋಡುತ್ತ ಕೂತ.

ಮುಗಿದ ಮೇಲೆ ಅವಳೂ ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಕಣ್ಣು ಮುಚ್ಚಿರಲಿಲ್ಲ, ಎದುರಿನ ಕೌದಿಯ ಹೊಲಿಗೆಯನ್ನು ನೋಡುತ್ತಿದ್ದಳು. ಕೊನೆಗೆ ಹೆಡ್‌ಫೋನು ತೆಗೆದು, ಕೂದಲು ಸರಿಮಾಡಿಕೊಂಡು, "ಭಾಳ ಏನ ಕೆಟ್ಟಿಲ್ಲ" ಎಂದಳು. "ನಾ ಮಾತಾಡಿದ್ದೂ ಬಂದೈತೆಲಾ ಇದರಾಗ. ಅಷ್ಟು ದೂರ ಕುಂತಿದ್ದೆ."

"ಎಲ್ಲಾ ಬರತೈತಿ ಇದರಾಗ."

"ತಗಿಯಾಕ ಬರತೈತಿಲ್ಲೋ?"

"ಬರತೈತಿ."

"ಹಂಗಾರ ಮಾತು ತಗದು ಹಾಡಷ್ಟ ಇಡು" ಎಂದು ಹೇಳಿ, ಮೊಣಕಾಲು ಹಿಡಿದುಕೊಂಡು ಎದ್ದು, ಅಡಿಗೆಮನೆಗೆ ಹೋದಳು.

ಹೇಮಂತ ಬಾಗಿಲು ಹಾಕಿಕೊಂಡು ಕೂತ. ಗೆರೆಯನ್ನು ದೊಡ್ಡದು ಮಾಡಿ, ಮಾತು ಮುಗಿಯುವ ಜಾಗ ಹುಡುಕಿದ. ಬಿಡು ಎಂಬಲ್ಲಿ ಕತ್ತರಿಸಿದರೆ ಷಡ್ಜ ಕುತ್ತಿಗೆ ಕೊಯ್ದಂತೆ ಕೇಳಿಸಿತು. ಸ್ವಲ್ಪ ಹಿಂದಕ್ಕೆ ಸರಿದರೆ ಹೋಗ್ಲಿ ಉಳಿಯಿತು. ಬರೀ ಹೋಗ್ಲಿ ಬಿಡು ಎಂದು ಶುರುವಾಗುವ ಹಾಡು ಎಲ್ಲಾದರೂ ಇದೆಯೇ. ಅದಕ್ಕೂ ಹಿಂದೆ ಅಕ್ಕಾ ಎಂಬ ಅವನದೇ ದನಿ ಇತ್ತು. ಅಷ್ಟು ಸಣ್ಣಗೆ, ಅಷ್ಟು ದೂರದಿಂದ, ಯಾರೋ ಬಾಗಿಲಾಚೆ ನಿಂತು ಕರೆದಂತೆ. ಹೀಗೆ ಹಿಂದೆ ಹಿಂದೆ ಸರಿಯುತ್ತ ಅವನು ಕತ್ತರಿ ಇಡುವ ಜಾಗ ಸಿಗದೆ ಪೂರ್ತಿ ಮೊದಲಿಗೆ, ಏನರೆ ಮಾತಾಡಕ್ಕಾ ಎಂಬಲ್ಲಿಗೆ ಬಂದು ಮುಟ್ಟಿದ. ಮತ್ತೆ ಮತ್ತೆ ಮಾಡಿ ನೋಡಿದ. ಕಿಟಕಿಯ ಕೌದಿಯ ಅಂಚಿನಲ್ಲಿ ಬಿಸಿಲು ಕಂದಿತು. ಕೊನೆಗೆ ಏನನ್ನೂ ಕತ್ತರಿಸದೆ ಉಳಿಸುವ ಗುಂಡಿ ಒತ್ತಿದ. ಕಂಪ್ಯೂಟರು ಹೆಸರು ಕೇಳಿತು. ಕೃಷ್ಣಾಬಾಯಿ, ಭೀಮಪಲಾಸ, ತಾರೀಖು ಎಂದು ಬರೆಯಬೇಕೆಂದು ಮೊದಲೇ ಎಣಿಸಿಟ್ಟುಕೊಂಡಿದ್ದ. ಬರೆಯಲಿಲ್ಲ. ಅಕ್ಕ ಎಂದಷ್ಟೇ ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿದ.

ಅಡಿಗೆಮನೆಯಲ್ಲಿ ಹರ್ಷದಾ ಹಿಟ್ಟು ನಾದುತ್ತಿದ್ದಳು, ಅಕ್ಕ ಹಂಚಿನ ಮುಂದೆ ಕೂತಿದ್ದಳು. ಹೇಮಂತ ಬಾಗಿಲ ಚೌಕಟ್ಟು ಹಿಡಿದು ನಿಂತ.

"ತಗದ್ಯೇನು?" ಎಂದಳು ಅಕ್ಕ.

"ತಗಿಯಾಕ ಬರಲಿಲ್ಲ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅವನು ಅಲ್ಲೇ ನಿಂತಿದ್ದು, ಹರ್ಷದಾ ಕೇಳಿಸಿಕೊಳ್ಳುತ್ತಾಳೆಂದು ಗೊತ್ತಿದ್ದೂ, ಕೇಳಿದ. "ಅವತ್ತ ನಾ ಖರೇನ ಹಂಗ ಅಂದಿದ್ನೇನಕ್ಕಾ?"

"ಅಂದಿದ್ದಿ."

"ನನಗ ಒಂಚೂರೂ ನೆನಪಿಲ್ಲ."

"ಇಲ್ಲದಿದ್ರ ಬಿಡು. ಈಗ ಆ ಪೆಟ್ಟಿಗ್ಯಾಗ ಐತೆಲಾ" ಎಂದು ಕೃಷ್ಣಾಬಾಯಿ ರೊಟ್ಟಿ ತಿರುವಿ ಹಾಕಿದಳು.